ಸರಕಿನ ಜಾಡು, ಹಣದ ಜಾಡು

ದೂರದವರ ನಡುವೆ ನಡೆಯುವ ವ್ಯಾಪಾರದಲ್ಲಿ ಸರಕೂ ಹಣವೂ ಒಂದೇ ಮುಹೂರ್ತದಲ್ಲಿ ಕೈ ಬದಲಾಯಿಸುವುದು ಅಪೂರ್ವ. ಸರಕನ್ನು ಮೊದಲು ಕಳುಹಿಸಿದವನು ಹಣಕ್ಕಾಗಿ ಕಾಯಬೇಕು. ಹಣವನ್ನು ಮೊದಲು ಕೊಟ್ಟವನು ಸರಕಿಗಾಗಿ ಕಾಯಬೇಕು. ಹೀಗೆ ಕಾಯುವ ಕಾಲದ ಆತಂಕವನ್ನು ಯಾರು ಹೊರತಕ್ಕದ್ದೆಂಬ ಪ್ರಶ್ನೆಗೆ ಉತ್ತರವಾಗಿಯೇ ಹುಂಡಿ, ಉಗ್ರಾಣದ ರಶೀದಿ, ಹಡಗಿನ ಬಿಲ್ ಆಫ್ ಲೇಡಿಂಗ್, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೊದಲಾದ ಉಪಾಯಗಳೆಲ್ಲವೂ ಹುಟ್ಟಿಕೊಂಡವು. ಈ ಪರಂಪರೆಗೆ ಇತ್ತೀಚೆಗೆ ಸೇರಿರುವುದು ಬ್ಲಾಕ್‌ಚೈನಿನ ಮೇಲೆ ಬರೆಯುವ ಸ್ಮಾರ್ಟ್ ಕಾಂಟ್ರ್ಯಾಕ್ಟ್. ಸರಕು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಯಾವನೊಬ್ಬನೂ ಗುಟ್ಟಾಗಿ ತಿದ್ದಲಾರದ ಲೆಕ್ಕದಲ್ಲಿ ಬರೆದಿಡುವುದು, ಗೊತ್ತಾದ ಷರತ್ತು ನೆರವೇರಿದೊಡನೆ ಹಣವನ್ನು ಸಲ್ಲತಕ್ಕವನಿಗೆ ಸಲ್ಲಿಸುವುದು—ಇವೆರಡು ಅದರ ಪ್ರತಿಜ್ಞೆ. ಈ ಎರಡರಲ್ಲಿ ಮೊದಲನೆಯದಕ್ಕೆ ಇದುವರೆಗೆ ಸಂದಿರುವ ಉತ್ಸಾಹದಲ್ಲಿ ಕಾಲುಪಾಲೂ ಎರಡನೆಯದಕ್ಕೆ ಸಂದಿಲ್ಲವೆಂಬುದೂ, ಅದಕ್ಕೆ ಕಾರಣವು ತಂತ್ರದಲ್ಲಿಲ್ಲದೆ ವ್ಯಾಪಾರದ ಬಲಾಬಲಗಳಲ್ಲಿದೆಯೆಂಬುದೂ ಈ ಲೇಖನದ ಪ್ರತಿಪಾದ್ಯ. ವಿಚಾರಕ್ಕೆ ಕಾಫಿಯನ್ನು ಆಯ್ದುಕೊಳ್ಳುತ್ತೇನೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಟ್ಟಗಳಲ್ಲಿ ಬೆಳೆದದ್ದು. ಅದರ ಬಹುಭಾಗ ಕಡಲು ದಾಟತಕ್ಕದ್ದು. ಮೇಲಾಗಿ ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಯೇ 2019ರ ಮಾರ್ಚಿನಲ್ಲಿ ಬ್ಲಾಕ್‌ಚೈನ್ ಆಧಾರದ ಇ-ಮಾರುಕಟ್ಟೆಯೊಂದನ್ನು ಪ್ರಯೋಗವಾಗಿ ಆರಂಭಿಸಿತ್ತು.

ಹಣಕ್ಕಾಗಿ ಕಾಯುವುದು ಕಾಫಿಯವರಿಗೆ ಹೊಸ ಅನುಭವವಲ್ಲ. 1942ರ ಕಾಫಿ ಶಾಸನದ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಫಸಲನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಎಲ್ಲರ ಕಾಫಿಯೂ ಅಲ್ಲಿ ಒಂದಾಗಿ, ಮಂಡಳಿಯು ಅದನ್ನು ಹರಾಜಿನಲ್ಲಿ ಮಾರಿ, ಬಂದ ಹಣವನ್ನು ದರ್ಜೆಗೆ ತಕ್ಕ ಪಾಯಿಂಟುಗಳ ಲೆಕ್ಕದಲ್ಲಿ ಕಂತುಕಂತಾಗಿ ಹಂಚುತ್ತಿತ್ತು. ಹಣ ಬಂದೇ ಬರುವುದೆಂಬ ಭರವಸೆಯೂ, ಯಾವಾಗ ಬರುವುದೆಂಬ ಅನಿಶ್ಚಯವೂ ಆ ಏರ್ಪಾಟಿನಲ್ಲಿ ಜೊತೆಜೊತೆಯಾಗಿದ್ದವು. 1992ರಿಂದ ಈಚೆಗೆ ಹಂತಹಂತವಾಗಿ ಸಡಿಲಿಸುತ್ತ ಬಂದು 1996ರ ಹೊತ್ತಿಗೆ ಪೂಲ್ ಪದ್ಧತಿ ಮುಗಿದ ಮೇಲೆ, ಬೆಳೆಗಾರನು ತನ್ನ ಚೆರಿಯನ್ನೋ (ಇಡಿಯಾಗಿ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟನ್ನೋ (ತಿರುಳು ತೆಗೆದು ಒಣಗಿಸಿದ ಬೀಜ) ತನಗಿಷ್ಟವಾದ ವ್ಯಾಪಾರಿಗೆ ಆ ದಿನದ ಬೆಲೆಗೆ ಮಾರುವ ಸ್ವಾತಂತ್ರ್ಯವನ್ನು ಪಡೆದನು. ಸ್ವಾತಂತ್ರ್ಯದ ಹಿಂದೆಯೇ ಅದರ ಋಣವೂ ಬಂದಿತು: ಸರ್ಕಾರವೆಂಬ ಒಬ್ಬನನ್ನು ನಂಬುತ್ತಿದ್ದವನು ಈಗ ಅನೇಕರನ್ನು, ಒಬ್ಬೊಬ್ಬರನ್ನಾಗಿ, ತೂಗಿ ನೋಡಿ ನಂಬಬೇಕಾಯಿತು.

ಇನ್ನು ಈ ಹೊಸ ಯಂತ್ರದ ಸ್ವರೂಪವನ್ನು ನೋಡೋಣ. ಸ್ಮಾರ್ಟ್ ಕಾಂಟ್ರ್ಯಾಕ್ಟೆಂಬ ಕಲ್ಪನೆಯನ್ನು 1990ರ ದಶಕದಲ್ಲಿ ಮುಂದಿಟ್ಟ ನಿಕ್ ಸಾಬೊ ಎಂಬವರು ಅದಕ್ಕೆ ಪೂರ್ವಜನೆಂದು ತೋರಿಸಿದ್ದು, ನಾಣ್ಯ ಹಾಕಿದರೆ ಪದಾರ್ಥವನ್ನು ಹೊರಕ್ಕೆ ತಳ್ಳುವ ಮಾರಾಟದ ಪೆಟ್ಟಿಗೆಯನ್ನು. 2015ರ ಜುಲೈ 30ರಂದು ಇಥೀರಿಯಮ್ ಜಾಲವು ಚಾಲ್ತಿಗೆ ಬಂದಮೇಲೆ ಈ ಕಲ್ಪನೆಗೆ ದೇಹ ದೊರೆಯಿತು. ಕರಾರನ್ನು ಸಾಲಿಡಿಟಿಯಂಥ ಭಾಷೆಯಲ್ಲಿ ಕೋಡಾಗಿ ಬರೆದು ಜಾಲಕ್ಕೆ ಏರಿಸಿದರೆ, ಅದರ ಒಂದೊಂದು ಪ್ರತಿ ಸಹಸ್ರಾರು ಕಂಪ್ಯೂಟರುಗಳಲ್ಲಿ ಇದ್ದು, ಎಲ್ಲವೂ ಅದೇ ಲೆಕ್ಕವನ್ನು ಮಾಡಿ ಅದೇ ಫಲಿತವನ್ನು ಒಪ್ಪಬೇಕು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಸಾಬೊ ಅವರ ನಿದರ್ಶನದಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಆ ಪೆಟ್ಟಿಗೆ ನಂಬಿಕೆಗೆ ಅರ್ಹವಾಗಿರುವುದು ಪದಾರ್ಥವೂ ನಾಣ್ಯವೂ ಎರಡೂ ಅದರ ಹೊಟ್ಟೆಯೊಳಗೆಯೇ ಇರುವುದರಿಂದ. ಸೋಮವಾರಪೇಟೆಯ ಕಣದಲ್ಲಿ ಒಣಗುತ್ತಿರುವ ರೊಬಸ್ಟಾ ಚೆರಿಯಾದರೋ ಯಾವ ಕಂಪ್ಯೂಟರಿನ ಹೊಟ್ಟೆಯೊಳಗೂ ಇರದು. ಅದರ ವಿಷಯವಾಗಿ ಯಾರೋ ಒಬ್ಬರು ಹೇಳಿದ ಮಾತು ಮಾತ್ರ ಅಲ್ಲಿರುತ್ತದೆ. ಬರೆದದ್ದು ಅಳಿಯದು ಎಂಬುದಕ್ಕೂ, ಬರೆದದ್ದು ನಿಜ ಎಂಬುದಕ್ಕೂ ಇರುವ ಅಂತರವನ್ನು ಯಾವ ಗಣಿತವೂ ತುಂಬಲಾರದು.

ಈ ಅಂತರವು ವಾಣಿಜ್ಯಕ್ಕೆ ಎಷ್ಟು ದುಬಾರಿಯಾದೀತೆಂಬುದಕ್ಕೆ ಬ್ಲಾಕ್‌ಚೈನ್ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಒಂದು ಪಾಠ ನಡೆದುಹೋಗಿದೆ. 1963ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೇಯಾನ್ ಎಂಬಲ್ಲಿ ಟೀನೊ ಡಿ ಆಂಜೆಲಿಸ್ ಎಂಬ ಅಡುಗೆ ಎಣ್ಣೆಯ ವರ್ತಕನು, ತನ್ನ ಟ್ಯಾಂಕುಗಳ ತುಂಬ ಎಣ್ಣೆಯಿದೆಯೆಂದು ಉಗ್ರಾಣದ ರಶೀದಿಗಳನ್ನು ಪಡೆದು, ಅವುಗಳ ಆಧಾರದ ಮೇಲೆ ಬ್ಯಾಂಕುಗಳಿಂದ ಅಪಾರವಾದ ಸಾಲವನ್ನು ಎತ್ತಿದನು. ರಶೀದಿಗಳನ್ನು ಕೊಟ್ಟದ್ದು ಅಮೆರಿಕನ್ ಎಕ್ಸ್‌ಪ್ರೆಸ್ಸಿನಂಥ ಮಾನ್ಯ ಸಂಸ್ಥೆಯ ಅಂಗಶಾಖೆ. ಪರೀಕ್ಷಕರು ಬಂದರು, ಟ್ಯಾಂಕಿನೊಳಕ್ಕೆ ಅಳತೆಯನ್ನಿಳಿಸಿದರು, ಎಣ್ಣೆಯನ್ನು ಕಂಡರು, ಬರೆದುಕೊಂಡು ಹೋದರು. ಎಣ್ಣೆ ನೀರಿನ ಮೇಲೆ ತೇಲುವ ವಸ್ತುವೆಂಬುದು ಮಾತ್ರ ಅವರ ಲೆಕ್ಕದ ಪುಸ್ತಕದಲ್ಲಿರಲಿಲ್ಲ. ಟ್ಯಾಂಕುಗಳ ಬಹುಭಾಗದಲ್ಲಿದ್ದದ್ದು ನೀರೇ. ಹೀಗೆ ನೀರು ತುಂಬಿದ ಟ್ಯಾಂಕಿನ ಮೇಲೆ ಬರೆದ ರಶೀದಿಯನ್ನು ತಿದ್ದುವ ಅಗತ್ಯವೇ ಬೀಳದು. ಆ ರಶೀದಿಗಳನ್ನು ಬ್ಲಾಕ್‌ಚೈನಿನ ಮೇಲೆ ಬರೆದಿದ್ದರೆ ಅದೇ ಸುಳ್ಳು ಇನ್ನೂ ಭದ್ರವಾಗಿ ಉಳಿಯುತ್ತಿತ್ತು, ಅಷ್ಟೆ. ಇದು ಹಳೆಯ ಕಾಲದ ಕಥೆಯೆನ್ನುವವರು 2023ರ ಮಾರ್ಚನ್ನು ನೆನೆಯಬಹುದು. ಲಂಡನ್ ಲೋಹ ವಿನಿಮಯ ಕೇಂದ್ರದ ದಾಖಲೆಗಳಲ್ಲಿ ನಿಕಲ್ ಎಂದು ನಮೂದಾಗಿದ್ದ 54 ಟನ್ ಚೀಲಗಳನ್ನು ರಾಟರ್‌ಡ್ಯಾಮಿನ ಉಗ್ರಾಣದಲ್ಲಿ ಬಿಚ್ಚಿ ನೋಡಿದಾಗ ದೊರೆತದ್ದು ಕಲ್ಲು.

ಬ್ಯಾಂಕುಗಳು ಈ ಇಕ್ಕಟ್ಟನ್ನು ಬಹು ಹಿಂದೆಯೇ ಅರಿತು, ಅದರಿಂದ ಜಾಣತನದಿಂದ ಪಾರಾದುವು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಲವು 1933ರಲ್ಲಿ ಮೊದಲು ಪ್ರಕಟಿಸಿ ಆಮೇಲೆ ಹಲವು ಬಾರಿ ಪರಿಷ್ಕರಿಸಿದ ಲೆಟರ್ ಆಫ್ ಕ್ರೆಡಿಟ್ಟಿನ ನಿಯಮಾವಳಿಯ ತತ್ತ್ವವೇ, ಬ್ಯಾಂಕಿಗೆ ಸಂಬಂಧಪಟ್ಟದ್ದು ಕಾಗದಪತ್ರಗಳು, ಸರಕಲ್ಲ ಎಂಬುದು. ಕಾಗದಗಳು ಸರಿಯಾಗಿದ್ದರೆ ಹಣ ಹೋಗುತ್ತದೆ. ಚೀಲದೊಳಗೆ ಏನಿತ್ತೆಂಬುದು ಮಾರಿದವನಿಗೂ ಕೊಂಡವನಿಗೂ ಬಿಟ್ಟ ವ್ಯಾಜ್ಯ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಈ ವಿಷಯದಲ್ಲಿ ಬ್ಯಾಂಕಿನ ಗುಮಾಸ್ತನಿಗಿಂತ ಭಿನ್ನವಲ್ಲ. ವ್ಯತ್ಯಾಸವೇನೆಂದರೆ, ಗುಮಾಸ್ತನಿಗೆ ಅನುಮಾನವೆಂಬುದೊಂದು ಉಂಟು, ಕೋಡಿಗೆ ಅದಿಲ್ಲ.

ಆದಕಾರಣ ಕರಾರನ್ನು ಬರೆಯತಕ್ಕವನು ಜಾಲದ ಆಯ್ಕೆ, ಭಾಷೆಯ ಆಯ್ಕೆ ಇತ್ಯಾದಿಗಳಿಗೆ ಮುಂಚೆ ತಕ್ಕಡಿಯ ಬಳಿ ಹೋಗಿ ನಿಲ್ಲಬೇಕು. ಕಾಫಿಯ ತಕ್ಕಡಿ ಬರೀ ತೂಕದ ತಕ್ಕಡಿಯಲ್ಲ. 50 ಕಿಲೋ ಚೆರಿಯ ಚೀಲದಿಂದ ಸಿಪ್ಪೆ ತೆಗೆದ ಹಸನಾದ ಬೀಜ ಎಷ್ಟು ಕಿಲೋ ಹೊರಡುವುದೋ ಅದನ್ನು ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ, ಎನ್ನುತ್ತಾರೆ. ಒಂದು ಓಟಿಗೆ ಇಷ್ಟು ರೂಪಾಯಿಯೆಂದು ಬೆಲೆ ಕೂಗುತ್ತಾರೆ. ವ್ಯಾಪಾರಿಯು ಚೀಲಗಳಿಂದ ಮಾದರಿ ತೆಗೆದು, ಒಡೆದು, ಬೀಜವನ್ನು ತೂಗಿ ಓಟಿಯನ್ನು ಕಟ್ಟುತ್ತಾನೆ. ತೇವಾಂಶವನ್ನು ಮೀಟರಿನಲ್ಲಿ ನೋಡುತ್ತಾನೆ. ಕಾಯಿಕೊರಕ ಹುಳುವಿನ ತೂತು ಬಿದ್ದ ಬೀಜಗಳನ್ನು ಎಣಿಸುತ್ತಾನೆ. ಮಾದರಿಯನ್ನು ಯಾವ ಚೀಲದಿಂದ ತೆಗೆದದ್ದು, ಮೀಟರನ್ನು ಕೊನೆಯ ಬಾರಿ ಯಾರು ತಾಳೆ ನೋಡಿದ್ದು, ಬೆಳೆಗಾರನು ಎದುರಿಗಿದ್ದನೆ—ಈ ಪ್ರಶ್ನೆಗಳಲ್ಲಿಯೇ ಹಣದ ಹೆಚ್ಚುಕಡಮೆಯೆಲ್ಲ ಇರುವುದು. ಓಟಿ, ತೇವಾಂಶ, ತೂತು ಬಿದ್ದ ಬೀಜ ಎಂಬ ಈ ಮೂರು ಸಂಖ್ಯೆಗಳನ್ನು ಕೊಳ್ಳುವವನೊಬ್ಬನೇ ಜಾಲಕ್ಕೆ ತುಂಬುವುದಾದರೆ, ಉಳಿದ ವ್ಯವಸ್ಥೆ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಅದು ಪಕ್ಷಪಾತವನ್ನು ನಿಷ್ಪಕ್ಷಪಾತವಾಗಿ ಜಾರಿಗೊಳಿಸುವ ವ್ಯವಸ್ಥೆ. ಇಬ್ಬರ ಸಹಿಯೂ ಬೀಳದೆ ಸಂಖ್ಯೆ ಅಂಗೀಕೃತವಾಗಬಾರದು. ಮೊಹರು ಹಾಕಿದ ಎರಡನೆಯ ಮಾದರಿಯೊಂದು ಮೂರನೆಯವರಲ್ಲಿ ಇರಬೇಕು. ಆಕ್ಷೇಪಣೆ ಬಂದರೆ ಹಣ ಅಲ್ಲಿಯೇ ನಿಲ್ಲಬೇಕು.

ಈಗ ಕೋಡಿನ ಒಳಕ್ಕೆ ಸ್ವಲ್ಪ ಇಳಿಯೋಣ. ನ್ಯಾಯಾನ್ಯಾಯಗಳು ಎಷ್ಟು ಸಣ್ಣ ಸಾಲಿನಲ್ಲಿ ವಾಸವಾಗಿರಬಲ್ಲವೆಂಬುದು ಅಲ್ಲಿ ಕಾಣುತ್ತದೆ. ಸಾಲಿಡಿಟಿಯ ಲೆಕ್ಕಗಳು ಪೂರ್ಣಾಂಕಗಳಲ್ಲಿ ನಡೆಯತಕ್ಕವು. ಭಾಗಾಕಾರ ಮಾಡಿದಾಗ ಉಳಿದ ದಶಾಂಶ ತಾನಾಗಿ ಕಳಚಿಬೀಳುತ್ತದೆ. 1 ಕಿಲೋ ಚೆರಿಯ ಮಾದರಿಯಿಂದ 552 ಗ್ರಾಂ ಬೀಜ ಹೊರಟಿತೆಂದೂ, ಓಟಿಗೆ 400 ರೂಪಾಯಿಯೆಂದೂ, ಮಾರಾಟ 100 ಚೀಲವೆಂದೂ ಇಟ್ಟುಕೊಳ್ಳೋಣ. ಓಟಿ 27.6, ಚೀಲಕ್ಕೆ 11,040 ರೂಪಾಯಿ, ಒಟ್ಟು 11,04,000. ಕೋಡು ಬರೆದವನು ಅವಸರದಲ್ಲಿ ಓಟಿಯನ್ನು ಮೊದಲು ಭಾಗಿಸಿ ಆಮೇಲೆ ಬೆಲೆಯಿಂದ ಗುಣಿಸಿದನೆಂದರೆ 27.6 ಎಂಬುದು 27 ಆಗಿ, ಬೆಳೆಗಾರನಿಗೆ ಸಲ್ಲುವುದು 10,80,000. ಇಪ್ಪತ್ತನಾಲ್ಕು ಸಾವಿರ ರೂಪಾಯಿ ಯಾರೂ ಕದಿಯದೆಯೇ ಮಾಯವಾಯಿತು. ಗುಣಾಕಾರವನ್ನು ಮೊದಲು, ಭಾಗಾಕಾರವನ್ನು ಕೊನೆಗೆ ಮಾಡಿದರೆ ಈ ನಷ್ಟವಿಲ್ಲ. ಇಂಥ ಲೋಪ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೀಳುವುದಿಲ್ಲ. ಪ್ರತಿ ವಹಿವಾಟಿನಲ್ಲಿಯೂ ಮಾರುವವನ ಕಡೆಗೇ ಬೀಳುತ್ತದೆ.

ಇದಕ್ಕಿಂತ ಗಹನವಾದದ್ದು ಮೌನದ ಪ್ರಶ್ನೆ. ಸರಕು ಕಾಫಿಯನ್ನು ಹಸನುಮಾಡುವ ಕ್ಯೂರಿಂಗ್ ವರ್ಕ್ಸಿಗೆ ಸೇರಿತು, ಕೊಳ್ಳುವವನು ಒಪ್ಪಿದೆನೆನ್ನಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. ಹತ್ತು ದಿನ ಕಳೆಯಿತು. ಹಣ ಯಾರಿಗೆ? ಕೋಡಿನಲ್ಲಿ ಇದಕ್ಕೊಂದು ಉತ್ತರವನ್ನು ಬರೆಯಲೇಬೇಕು; ಬರೆಯದೆ ಬಿಟ್ಟರೆ ಹಣ ಅಲ್ಲಿಯೇ ಸಿಕ್ಕಿಬೀಳುವುದೇ ಉತ್ತರವಾಗುತ್ತದೆ. ಅವಧಿ ಮೀರಿದರೆ ಹಣ ಕೊಂಡವನಿಗೆ ಹಿಂತಿರುಗಲೆಂದು ಬರೆದ ಕರಾರೂ, ಮಾರಿದವನಿಗೆ ಹೋಗಲೆಂದು ಬರೆದ ಕರಾರೂ ಒಂದೇ ಒಂದು ಸಾಲಿನಲ್ಲಿ ಬೇರೆಯಾಗಿದ್ದರೂ ಅವು ಎರಡು ಬೇರೆ ಲೋಕಗಳು. ಸರಕನ್ನು ಪರೀಕ್ಷಿಸಿ ನೋಡಲು ಕೊಂಡವನಿಗೆ ಯುಕ್ತವಾದ ಅವಕಾಶವಿರಬೇಕೆಂದು ನಮ್ಮ 1930ರ ಸರಕು ಮಾರಾಟ ಶಾಸನವೂ ಹೇಳುತ್ತದೆ. ಆ ಅವಕಾಶ ತೀರಿದ ಮೇಲೆ ಮೌನಂ ಸಮ್ಮತಿ ಲಕ್ಷಣಂ ಎಂಬುದೇ ಸರಿಯಾದ ನಿಯಮವೆಂದು ನಾನು ಎಣಿಸುತ್ತೇನೆ. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಸ್ವಯಂಚಾಲಿತವೆಂದು ಎಲ್ಲರೂ ಕೊಂಡಾಡುವ ಈ ಕರಾರು ತಾನಾಗಿ ಎಚ್ಚರಗೊಳ್ಳುವುದೇ ಇಲ್ಲ. ಹತ್ತನೆಯ ದಿನದ ಬೆಳಗ್ಗೆ ಯಾರಾದರೂ ಶುಲ್ಕ ತೆತ್ತು ಅದನ್ನು ಕರೆದು ಎಬ್ಬಿಸಿದರೆ ಮಾತ್ರ ಅದು ದಿನಾಂಕವನ್ನು ನೋಡಿ ಹಣವನ್ನು ಬಿಡುತ್ತದೆ. ಎಬ್ಬಿಸುವ ಅಧಿಕಾರವನ್ನು ಕೊಂಡವನಿಗೆ ಮಾತ್ರ ಕೊಟ್ಟಿದ್ದರೆ ಮೇಲಿನ ನಿಯಮವೆಲ್ಲ ವ್ಯರ್ಥ.

ಬರೆದದ್ದನ್ನು ಯಾರೂ ಬದಲಿಸಲಾರರೆಂಬ ಮಾತಿನ ಬೆಲೆಯೆಷ್ಟೆಂಬುದನ್ನೂ ಪರಿಶೀಲಿಸಬೇಕು. 2016ರ ಜೂನ್ 17ರಂದು ಇಥೀರಿಯಮ್ಮಿನ ಮೇಲೆ ನಡೆಯುತ್ತಿದ್ದ ‘ದಿ ಡಾವ್’ ಎಂಬ ಸಾಮೂಹಿಕ ನಿಧಿಯಿಂದ ಆ ಜಾಲದ ನಾಣ್ಯವಾದ ಈಥರನ್ನು ಸುಮಾರು 36 ಲಕ್ಷದಷ್ಟು ಒಬ್ಬ ಅಜ್ಞಾತನು ಸೆಳೆದುಕೊಂಡನು. ಅವನು ಬಳಸಿಕೊಂಡ ದೋಷ ಅತಿ ಸರಳವಾದದ್ದು: ಹಣವನ್ನು ಮೊದಲು ಕಳುಹಿಸಿ, ಲೆಕ್ಕದಲ್ಲಿ ಆಮೇಲೆ ಕಳೆಯುವಂತೆ ಕೋಡನ್ನು ಬರೆದಿದ್ದರು, ಲೆಕ್ಕದಲ್ಲಿ ಕಳೆಯುವುದರೊಳಗೆ ಅವನು ಮತ್ತೆ ಮತ್ತೆ ಕೈಯೊಡ್ಡಿದನು. ಕರಾರಿನ ಅಕ್ಷರವೇ ಪ್ರಮಾಣವೆಂಬುದಾಗಿದ್ದರೆ ಆ ಹಣ ನ್ಯಾಯವಾಗಿ ಅವನದೇ. ಆದರೆ ತಿಂಗಳು ಕಳೆದು ಜುಲೈ 20ರಂದು ಜಾಲದ ಬಹುಜನರು ಕೂಡಿ ಆ ಘಟನೆಯ ಫಲವನ್ನೇ ರದ್ದುಮಾಡುವ ಹೊಸ ಕವಲಿಗೆ ಹೊರಳಿಕೊಂಡರು. ಒಪ್ಪದವರು ಹಳೆಯ ಕವಲಿನಲ್ಲಿ ಉಳಿದರು. ಮರುವರ್ಷ ನವೆಂಬರಿನಲ್ಲಿ ಪ್ಯಾರಿಟಿ ಎಂಬ ವ್ಯಾಲೆಟ್ಟಿನ ಮೂಲ ಕೋಡನ್ನು ಯಾರೋ ಅಳಿಸಿಹಾಕಿದಾಗ 5 ಲಕ್ಷಕ್ಕೂ ಹೆಚ್ಚು ಈಥರ್ ಮುಟ್ಟಲಾರದಂತೆ ಹೆಪ್ಪುಗಟ್ಟಿತು. ಆ ಹಣದ ಒಡೆಯರಿಗಾಗಿ ಯಾವ ಕವಲೂ ತೆರೆಯಲಿಲ್ಲ. ಅಲ್ಲಿಯೂ ಕೊನೆಗೆ ತೀರ್ಮಾನಿಸಿದ್ದು ಮನುಷ್ಯರ ಸಭೆಯೇ ಎಂಬುದು ಸ್ಪಷ್ಟ. ದೊಡ್ಡ ನಷ್ಟಕ್ಕೆ ಒಮ್ಮೊಮ್ಮೆ ಸಭೆ ಸೇರುತ್ತದೆ. ನೂರು ಚೀಲದ ಬೆಳೆಗಾರನಿಗಾದ ನಷ್ಟಕ್ಕೆ ಯಾವ ಜಾಲವೂ ಕವಲೊಡೆಯದು. ಅವನ ಪಾಲಿಗೆ ಮಾತ್ರ ಬರೆದದ್ದು ನಿಜವಾಗಿಯೂ ಅಳಿಸಲಾಗದ್ದು. ಆದ್ದರಿಂದ ಪಂಚಾಯಿತಿಯ ಸ್ಥಾನವನ್ನು, ಎಂದರೆ ಇಬ್ಬರೂ ಒಪ್ಪಿದ ಮಧ್ಯಸ್ಥನ ಕೈಗೆ ಒಂದು ಕೀಲಿಯನ್ನು, ಕರಾರಿನೊಳಗೇ ಮೊದಲಿನಿಂದ ಇಟ್ಟಿರಬೇಕು.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರಬಹುದು. ಈ ತಂತ್ರದ ಹೆಸರಿನಲ್ಲಿ ಜಗತ್ತಿನಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಹೆಸರಾದವು ಬಹುಮಟ್ಟಿಗೆ ಸರಕಿನ ಜಾಡಿಗೆ ಸಂಬಂಧಿಸಿದವು. ವಾಲ್‌ಮಾರ್ಟ್ ಸಂಸ್ಥೆಯವರು ಐಬಿಎಮ್‌ನೊಡನೆ ಸೇರಿ, ಒಂದು ಮಾವಿನಹಣ್ಣಿನ ಮೂಲವನ್ನು ಹುಡುಕಲು ಸುಮಾರು ಏಳು ದಿನ ಹಿಡಿಯುತ್ತಿದ್ದುದನ್ನು 2.2 ಸೆಕೆಂಡಿಗೆ ಇಳಿಸಿದೆವೆಂದು ಸಾರಿದರು. ಹಡಗು ಸಂಸ್ಥೆಯಾದ ಮೆಯರ್ಸ್ಕ್ ಮತ್ತು ಐಬಿಎಮ್ ಕೂಡಿ 2018ರಲ್ಲಿ ಹೊರತಂದ ಟ್ರೇಡ್‌ಲೆನ್ಸ್ ಎಂಬ ಹಡಗು ಸಾಗಣೆಯ ವೇದಿಕೆಯಾದರೋ, ಉದ್ಯಮದ ಎಲ್ಲರ ಸಹಕಾರ ದೊರೆಯಲಿಲ್ಲವೆಂಬ ಕಾರಣವನ್ನು ಕೊಟ್ಟು 2022ರ ನವೆಂಬರಿನಲ್ಲಿ ತನ್ನ ಸಮಾಪ್ತಿಯನ್ನು ಘೋಷಿಸಿತು. ಪ್ರತಿಸ್ಪರ್ಧಿಯ ಮನೆಯಲ್ಲಿ ತಮ್ಮ ಲೆಕ್ಕದ ಪುಸ್ತಕವನ್ನು ಇಡಲು ವರ್ತಕರು ಹಿಂಜರಿದರೆ ಆಶ್ಚರ್ಯವೇನು? ಮಾವಿನಹಣ್ಣಿನ ಜಾಡು 2.2 ಸೆಕೆಂಡಿನಲ್ಲಿ ಸಿಕ್ಕಿದ್ದರಿಂದ ಅದನ್ನು ಬೆಳೆದವನಿಗೆ ಹಣ ಒಂದು ದಿನವಾದರೂ ಮುಂಚೆ ಬಂದಿತೆ ಎಂಬ ಪ್ರಶ್ನೆಯನ್ನು ಆ ಸಂಭ್ರಮದಲ್ಲಿ ಕೇಳಿದವರು ವಿರಳ. ಜಾಡು ತೋರಿಸುವ ಹೊರೆ ಮಾರುವವನ ಮೇಲೆ, ಅದರ ಪ್ರಯೋಜನ ಕೊಳ್ಳುವವನಿಗೆ. ಹಣವನ್ನು ಮುಂಚಿತವಾಗಿ ಕರಾರಿನೊಳಗೆ ಬಂಧಿಸಿಡುವ ಹೊರೆಯಾದರೆ ಕೊಳ್ಳುವವನ ಮೇಲೆ, ಅದರ ಪ್ರಯೋಜನ ಮಾರುವವನಿಗೆ. ಯಂತ್ರವನ್ನು ಕಟ್ಟಿಸಲು ದುಡ್ಡು ಕೊಡುವವನು ಕೊಳ್ಳುವವನೇ ಆಗಿರುವಾಗ, ಎರಡರಲ್ಲಿ ಯಾವುದು ಮೊದಲು ಕಟ್ಟಲ್ಪಡುತ್ತದೆಂದು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಡ. ಅನೇಕ ವ್ಯಾಪಾರಗಳು ನಡೆಯುವುದೇ ಮಾರಿದವನ ಹಣದಲ್ಲಿ. ಇಂದು ತಂದ ಸರಕಿಗೆ ಮುಂದಿನ ತಿಂಗಳು ಪಾವತಿಯೆಂದರೆ, ನಡುವಿನ ಆ ತಿಂಗಳು ಬಡ್ಡಿಯಿಲ್ಲದ ಸಾಲ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯೆಂದೂ 2006ರಲ್ಲಿಯೇ ಶಾಸನವಾಗಿದೆ. ಅಷ್ಟು ಕಟುವಾದ ನಿಯಮ ಬೇಕಾಯಿತೆಂಬುದೇ ರೋಗದ ಲಕ್ಷಣವನ್ನು ಹೇಳುತ್ತದೆ.

ಹಣದ ಜಾಡನ್ನೂ ಕೋಡಿಗೆ ಒಪ್ಪಿಸಬೇಕೆಂಬ ಈ ಮಾತಿಗೆ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಹಣವನ್ನು ತಡೆಹಿಡಿದು ಷರತ್ತಿನ ಮೇಲೆ ಬಿಡುವುದಕ್ಕೆ ಬ್ಯಾಂಕಿನ ಎಸ್ಕ್ರೊ ಖಾತೆಯೇ ಉಂಟಲ್ಲ, ಬ್ಲಾಕ್‌ಚೈನ್ ಏತಕ್ಕೆ ಎಂಬುದು ಮೊದಲನೆಯದು. ಒಬ್ಬನೇ ಯಜಮಾನನಿರುವ, ಆಹ್ವಾನಿತರು ಮಾತ್ರ ಸೇರಬಹುದಾದ ಜಾಲದ ವಿಷಯದಲ್ಲಿ ಈ ಆಕ್ಷೇಪ ನ್ಯಾಯವಾದದ್ದು. ಅಲ್ಲಿ ಸಾಧಾರಣ ಡೇಟಾಬೇಸು ಅಗ್ಗವಾಗಿ ಮಾಡುವ ಕೆಲಸವನ್ನೇ ಆಡಂಬರದಿಂದ ಮಾಡುತ್ತಾರೆ. ಆದರೆ ಎಸ್ಕ್ರೊ ಖಾತೆಯನ್ನು ದೊಡ್ಡ ವ್ಯವಹಾರಗಳಿಗೆ ತೆರೆಯುವ ಬ್ಯಾಂಕು, ಹತ್ತು ಚೀಲದವನಿಗೂ ಅದೇ ಶ್ರಮವನ್ನು ವಹಿಸುವುದು ಕಷ್ಟ. ಒಮ್ಮೆ ಬರೆದ ಕೋಡಿಗಾದರೆ ಹತ್ತೂ ಒಂದೇ, ಹತ್ತು ಸಾವಿರವೂ ಒಂದೇ. ಎರಡನೆಯ ಆಕ್ಷೇಪ ರೂಪಾಯಿಯದು. ನಮ್ಮಲ್ಲಿ ಕ್ರಿಪ್ಟೊ ಆಸ್ತಿಯ ಲಾಭಕ್ಕೆ ನೂರಕ್ಕೆ 30ರ ತೆರಿಗೆಯೂ ವರ್ಗಾವಣೆಗೆ ನೂರಕ್ಕೆ 1ರ ಕಡಿತವೂ 2022ರಿಂದ ಇರುವಲ್ಲಿ, ಕಾಫಿಯ ಹಣವನ್ನು ಈಥರಿನಲ್ಲಿ ಸಲ್ಲಿಸುವ ಯೋಚನೆ ಅವಿವೇಕ. ಬೆಲೆ ಏರಿಳಿಯುವ ಫಸಲಿನ ಮೇಲೆ ಬೆಲೆ ಏರಿಳಿಯುವ ನಾಣ್ಯವನ್ನೂ ಬೆಳೆಗಾರನು ಹೊರುವುದೇಕೆ? ರಿಸರ್ವ್ ಬ್ಯಾಂಕು 2022ರ ಕೊನೆಯಲ್ಲಿ ಪ್ರಯೋಗಕ್ಕೆ ಬಿಟ್ಟ ಡಿಜಿಟಲ್ ರೂಪಾಯಿಗೆ ಷರತ್ತುಗಳನ್ನು ಜೋಡಿಸುವ ಸಾಧ್ಯತೆಯಿದೆ. ಅದು ವ್ಯಾಪಕ ಬಳಕೆಗೆ ಬರುವವರೆಗೆ ಷರತ್ತು ನೆರವೇರಿತೆಂಬ ತೀರ್ಪನ್ನು ಕೋಡು ಕೊಡುವುದೂ, ಆ ತೀರ್ಪಿನ ಮೇಲೆ ಬ್ಯಾಂಕು ಪಾವತಿ ಮಾಡುವುದೂ ಕಾರ್ಯಸಾಧ್ಯವಾದ ಮಾರ್ಗ. ವಿದ್ಯುನ್ಮಾನ ಮಾರ್ಗದಲ್ಲಿ ಏರ್ಪಟ್ಟ ಮಾತ್ರಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಶಾಸನದ 10ಎ ಕಲಮು ಹೇಳಿದೆ; 1872ರ ಕರಾರು ಶಾಸನದ ಉಳಿದ ಧರ್ಮಗಳೆಲ್ಲ ಈ ಕರಾರಿಗೂ ಅನ್ವಯಿಸುತ್ತವೆ.

ಹೀಗೆ ಹಣವನ್ನು ಮುಂಚೆಯೇ ತಡೆಹಿಡಿದಿಡಲು ಕೊಳ್ಳುವವನು ಒಪ್ಪುವನೆ? ಸುಮ್ಮನೆ ಒಪ್ಪಲಾರನು. ಆದರೆ ಈ ಹೊತ್ತಿನಲ್ಲಿ ಬೆಳೆಗಾರನ ಕೈಯಲ್ಲಿ ಹಿಂದೆಂದೂ ಇಲ್ಲದ ಒಂದು ವಸ್ತುವಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಯಾದ ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಅರಣ್ಯನಾಶ ವಿರೋಧಿ ನಿಬಂಧನೆಯ ಪ್ರಕಾರ, 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ಭೂಮಿಯಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶಗಳನ್ನೂ, 4 ಹೆಕ್ಟೇರು ಮೀರಿದ ತೋಟವಾದರೆ ಅದರ ಎಲ್ಲೆಯ ನಕ್ಷೆಯನ್ನೂ ಒದಗಿಸಬೇಕು. ಜಾರಿಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಗಿದ್ದರೂ ನಿಬಂಧನೆ ಉಳಿದಿದೆ. ಎಂದರೆ, ಎಂದೂ ತೋಟದ ಹೆಸರನ್ನು ಕೇಳದ ರಫ್ತುದಾರನಿಗೆ ನಿಬಂಧನೆ ಜಾರಿಗೆ ಬಂದಮೇಲೆ ತೋಟದ ನೆಲೆಯ ಗುರುತಿಲ್ಲದೆ ಅಲ್ಲಿಗೆ ವ್ಯಾಪಾರವೇ ಇಲ್ಲ; ಆ ಗುರುತಿನ ಒಡೆಯನು ಬೆಳೆಗಾರ. ಅದನ್ನು ಆ್ಯಪಿನಲ್ಲಿ ತುಂಬಿ ಪುಕ್ಕಟೆಯಾಗಿ ಕೊಟ್ಟುಬಿಟ್ಟರೆ ಸರಕಿನ ಜಾಡು ಮತ್ತೊಮ್ಮೆ ಸಿದ್ಧವಾಗಿ ಹಣದ ಜಾಡು ಮತ್ತೊಮ್ಮೆ ಹಿಂದುಳಿಯುತ್ತದೆ. ಬೆಳೆಗಾರರ ಸಂಘಗಳೂ ಸಹಕಾರ ಸಂಘಗಳೂ ಮುಂದಿನ ಕುಯ್ಲಿಗೆ ಮೊದಲೇ ಒಂದು ಮಾದರಿ ಕರಾರನ್ನು ಸಿದ್ಧಪಡಿಸಿ, ಆ ಗುರುತನ್ನು ಕೇಳಿ ಬರುವವನ ಮುಂದಿಡಬೇಕು: ಅಂದಾಜು ಬೆಲೆಯ ಇಷ್ಟು ಭಾಗ ಲಾರಿ ಹೊರಡುವುದಕ್ಕೆ ಮುಂಚೆ ತಡೆಹಿಡಿದ ಖಾತೆಯಲ್ಲಿರಬೇಕು, ಓಟಿಗೆ ಇಬ್ಬರ ಸಹಿ ಬೀಳಬೇಕು, ಎರಡನೆಯ ಮಾದರಿ ಸಹಕಾರ ಸಂಘದ ಬೀರುವಿನಲ್ಲಿರಬೇಕು, ಹತ್ತನೆಯ ದಿನ ಕರಾರನ್ನು ಎಬ್ಬಿಸುವ ಅಧಿಕಾರ ಮಾರಿದವನಿಗೂ ಇರಬೇಕು.